ಓಲೆಯ ಕೊನೆಯಲ್ಲೊಂದು ಕುತ್ತಿಗೆ

ನಾನು ಸಂಪಾದಿಸಿದ ಮೊದಲ ಗ್ರಂಥದಿಂದ ಒಬ್ಬನ ಕುತ್ತಿಗೆ ನೋವನ್ನು ಕಿತ್ತು ಹಾಕಿದ್ದೇನೆ. ಹಾಗೆ ಮಾಡಿದ್ದು ತಪ್ಪು ಅನ್ನಿಸಲು ಇಪ್ಪತ್ತು ವರ್ಷ ಬೇಕಾಯಿತು, ಅದೂ ನನ್ನದೇ ಕುತ್ತಿಗೆ ಹಿಡಿದುಕೊಂಡ ಮೇಲೆ.

ಓಲೆಗರಿಯ ಕಟ್ಟು ಬಿಚ್ಚಿ ಓದಿದವರಿಗೆ ವಿಷಯ ಗೊತ್ತಿರುತ್ತದೆ. ಕಾವ್ಯವೋ ಶಾಸ್ತ್ರವೋ ಮುಗಿದ ಮೇಲೆ ಕೊನೆಯ ಗರಿಯಲ್ಲಿ ಲಿಪಿಕಾರ ತನ್ನ ಮಾತು ಸೇರಿಸುತ್ತಾನೆ. ಸಂವತ್ಸರ, ಮಾಸ, ತಿಥಿ, ಯಾರಿಗಾಗಿ ಬರೆದದ್ದು, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಿ, ಇತ್ಯಾದಿ. ಇದರ ಜೊತೆಗೆ ಬಹಳ ಕಡೆ ಒಂದು ಸಂಸ್ಕೃತ ಶ್ಲೋಕವೂ ಇರುತ್ತದೆ. ಬೆನ್ನಿನಿಂದ ಹಿಡಿದು ಕತ್ತಿನವರೆಗೆ ತನಗೆ ಎಲ್ಲೆಲ್ಲಿ ನೋಯುತ್ತಿದೆ ಎಂದು ಒಪ್ಪಿಸಿ, ಇಷ್ಟು ಪಾಡುಪಟ್ಟಿದ್ದೇನೆ, ದಯವಿಟ್ಟು ಪುಸ್ತಕವನ್ನು ಜೋಪಾನ ಮಾಡಿ ಎಂದು ಓದುಗನನ್ನು ಬೇಡಿಕೊಳ್ಳುವ ಶ್ಲೋಕ ಅದು. ಚೂರುಪಾರು ವ್ಯತ್ಯಾಸದೊಡನೆ ಅದು ದೇಶದ ನಾನಾ ಕಡೆಯ ಹಸ್ತಪ್ರತಿಗಳಲ್ಲಿ ಸಿಗುತ್ತದೆ. ಎಲ್ಲ ಕಡೆ ಸಿಗುವುದಕ್ಕೆ ನಮ್ಮ ವೃತ್ತಿಯಲ್ಲಿ ಬೆಲೆ ಕಡಿಮೆ. 2003ರಲ್ಲಿ ನನ್ನ ಪುಸ್ತಕ ಅಚ್ಚಿಗೆ ಹೋಗುವಾಗ ಆ ಜಾಗದಲ್ಲಿ ಒಂದು ಅಡಿಟಿಪ್ಪಣಿ ಹಾಕಿದೆ: ಮುಂದಿನದು ಲಿಪಿಕಾರರ ರೂಢಿಯ ಶ್ಲೋಕ, ಕೈಬಿಟ್ಟಿದೆ. ಒಂದೂವರೆ ಸಾಲಿನ ಟಿಪ್ಪಣಿ. ಆಗ ನನಗೆ ಮೂವತ್ತಾರು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಎಡಗೈಯ ಹೆಬ್ಬೆರಳು ತೋರುಬೆರಳು ಜೋಮು ಹಿಡಿದವು. ಕಾಫಿ ಲೋಟ ಹಿಡಿದದ್ದು ಗೊತ್ತಾಗಲಿಲ್ಲ, ಬಿದ್ದದ್ದು ಗೊತ್ತಾಯಿತು. ಡಾಕ್ಟರು ಚಿತ್ರ ತೆಗೆಸಿ, ಕತ್ತಿನ ಮೂಳೆಗಳ ನಡುವಿನ ಬಿಲ್ಲೆಯೊಂದು ನರವನ್ನು ಒತ್ತುತ್ತಿದೆ ಎಂದು ಹೇಳಿ ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿದ್ದ ಹುಡುಗಿ ನನ್ನ ವಿದ್ಯಾರ್ಥಿನಿಯರ ವಯಸ್ಸಿನವಳು.

"ಏನ್ ಕೆಲಸ ಮಾಡ್ತೀರಾ ಆಂಟಿ?"

"ಓದೋದು, ಬರೆಯೋದು."

"ಭಾರ ಎತ್ತೋದೇನೂ ಇಲ್ವಲ್ಲ?"

ಇಲ್ಲ ಎಂದೆ. ಅವಳು ನಕ್ಕಳು. ಮನುಷ್ಯನ ತಲೆ ಸುಮಾರು 5 ಕೆಜಿ ತೂಗುತ್ತದೆ. ನೆಟ್ಟಗೆ ಕೂತರೆ ಅಷ್ಟೇ, ಬಗ್ಗಿದರೆ ಲೆಕ್ಕ ಬೇರೆ. ಕೆನೆತ್ ಹನ್ಸರಾಜ್ ಎಂಬ ನ್ಯೂಯಾರ್ಕಿನ ಶಸ್ತ್ರವೈದ್ಯರು 2014ರಲ್ಲಿ ಕಂಪ್ಯೂಟರ್ ಮಾದರಿ ಇಟ್ಟುಕೊಂಡು ಹಾಕಿದ ಲೆಕ್ಕದಂತೆ, ತಲೆ 15 ಡಿಗ್ರಿ ಮುಂದಕ್ಕೆ ವಾಲಿದರೆ ಕತ್ತಿನ ಮೇಲೆ 12 ಕೆಜಿ ಬೀಳುತ್ತದೆ, 60 ಡಿಗ್ರಿಗೆ 27 ಕೆಜಿ. ನಮ್ಮ ಮನೆಗೆ ಬರುವ ಅಕ್ಕಿ ಮೂಟೆ 25 ಕೆಜಿಯದು. ಅದನ್ನು ಬಾಗಿಲಿನಿಂದ ಅಡುಗೆಮನೆಗೆ ಎಳೆಯಲು ನಾನು ಪಕ್ಕದ ಮನೆ ಹುಡುಗನನ್ನು ಕರೆಯುತ್ತೇನೆ.

ಈ ಅಂಕಿಗಳನ್ನೇ ಪೂರ್ತಿ ನಂಬಿ ಕೂರಬೇಡಿ ಎಂದೂ ಅವಳೇ ಹೇಳಿದಳು. ಅದು ಮಾದರಿಯ ಲೆಕ್ಕ. ಬಗ್ಗುವವರಿಗೆಲ್ಲ ನೋವು ಬರುವುದಿಲ್ಲ, ಬಗ್ಗದವರಿಗೂ ಬರುತ್ತದೆ. ನಿದ್ದೆ, ಚಿಂತೆ, ಕೆಲಸದ ಒತ್ತಡ ಎಲ್ಲ ಸೇರುತ್ತವೆ. "ಕೆಟ್ಟ ಭಂಗಿ ಅಂತ ಒಂದಿಲ್ಲ ಆಂಟಿ, ಅಲ್ಲಾಡದೆ ಕೂರೋದೇ ಕೆಟ್ಟದ್ದು." ಗಂಟೆಗಟ್ಟಲೆ ಅಲ್ಲಾಡದೆ ಕೂರುವುದನ್ನೇ ನಾವು ಏಕಾಗ್ರತೆ ಎಂದು ಕರೆದು, ಹಾಗೆ ಕೂತವರಿಗೆ ಪಿಎಚ್‌ಡಿ ಕೊಡುತ್ತೇವೆ.

ಕುತ್ತಿಗೆಯ ವಿಷಯದಲ್ಲಿ ಕನ್ನಡ ತುಂಬ ಜಾಣತನ ತೋರಿಸಿದೆ. ಹಾಡುವುದಕ್ಕೆ, ಹಾರ ಹಾಕುವುದಕ್ಕೆ, ತಾಳಿಗೆ ಕೊರಳು. ಸಾಲಕ್ಕೆ, ನೇಣಿಗೆ, ಕುತ್ತಿಗೆಗೆ ಬಂತು ಎನ್ನುವುದಕ್ಕೆ ಕುತ್ತಿಗೆ. ಉದ್ದ ಮಾಡಿ ಇಣುಕುವುದಕ್ಕೂ ಕೊಯ್ಯುವುದಕ್ಕೂ ಕತ್ತು. ಧಾರವಾಡದ ಕಡೆ ಗೋಣು ಇದೆ. ಗೋಣು ಹಾಕಿದರೆ ಒಪ್ಪಿಗೆ, ಗೋಣು ಮುರಿದರೆ ಕೊಲೆ. ಒಂದೇ ಜಾಗ, ಹಾಡಿದರೆ ಒಂದು ಹೆಸರು, ದುಡಿದರೆ ಇನ್ನೊಂದು. ನೋಯುವುದು ಯಾವಾಗಲೂ ಕುತ್ತಿಗೆಯೇ.

ಇಷ್ಟಾದರೂ ನನಗೆ ಆ ನೋವಿನ ಬಗ್ಗೆ ಒಳಗೊಳಗೇ ಒಂದು ಹೆಮ್ಮೆ ಇತ್ತು. ಪಟ್ಟಿ ಕಟ್ಟಿಕೊಂಡು ವಿಭಾಗಕ್ಕೆ ಹೋದ ದಿನ ಹಿರಿಯ ಸಹೋದ್ಯೋಗಿಯೊಬ್ಬರು, "ಈಗ ಪೂರ್ತಿ ಸಂಶೋಧಕಿ ಆದ್ರಿ ನೋಡಿ, ಕಾಲರ್ ಏರಿಸ್ಕೊಂಡು ಬಂದಿದ್ದೀರಿ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ, ನಗುವಾಗ ನೋಯಿತು, ಆ ನೋವೂ ಹಿತವಾಗಿತ್ತು. ಮೂವತ್ತು ವರ್ಷ ತಲೆ ಬಗ್ಗಿಸಿ ದುಡಿದದ್ದಕ್ಕೆ ಇದು ಸಾಕ್ಷಿ ಎಂಬ ಭಾವನೆ. ತಪಸ್ಸು ಎಂಬ ಮಾತನ್ನು ನಮ್ಮ ವಿದ್ವತ್ ವಲಯದಲ್ಲಿ ಎಷ್ಟು ಸಲೀಸಾಗಿ ಬಳಸುತ್ತೇವೆ! ಅಭಿನಂದನ ಗ್ರಂಥಗಳಲ್ಲಂತೂ ಪ್ರತಿ ಎರಡನೇ ಪುಟದಲ್ಲಿ ಒಬ್ಬರು ತಪಸ್ವಿ.

ನಾನು ಹುಟ್ಟಿದ್ದು ಕಾರ್ಕಳದ ಕಡೆಯ ಜೈನ ಮನೆಯಲ್ಲಿ, ಜೀವನವಿಡೀ ಓದಿದ್ದು ಜೈನ ಗ್ರಂಥಗಳನ್ನು. ತಪಸ್ಸಿನ ವಿಷಯದಲ್ಲಿ ಇವರಷ್ಟು ಕಟ್ಟುನಿಟ್ಟಾಗಿ ಲೆಕ್ಕ ಬರೆದವರು ಇಲ್ಲ. ಹಾಗಾಗಿ ಒಂದು ರಾತ್ರಿ ನಿದ್ದೆ ಬಾರದಾಗ ನನ್ನ ನೋವನ್ನು ಅವರ ಖಾತೆಪುಸ್ತಕದಲ್ಲಿ ಯಾವ ಕಲಮಿಗೆ ಹಾಕಬಹುದು ಎಂದು ಹುಡುಕಿದೆ.

ಬಾಹ್ಯ ತಪಸ್ಸು ಆರು. ಅನಶನದಿಂದ ಶುರುವಾಗಿ ಕೊನೆಯದು ಕಾಯಕ್ಲೇಶ, ಎಂದರೆ ದೇಹವನ್ನು ದಂಡಿಸುವುದು. ಇಲ್ಲೇ ಕೂರಿಸೋಣ ಎಂದುಕೊಂಡೆ. ಕೂರಲಿಲ್ಲ. ಕಾಯಕ್ಲೇಶಕ್ಕೆ ಮೊದಲ ಷರತ್ತು, ಅದನ್ನು ತಿಳಿದು, ಆರಿಸಿಕೊಂಡು, ಎಚ್ಚರದಲ್ಲಿ ಮಾಡಿರಬೇಕು. ಬಿಸಿಲಲ್ಲಿ ನಿಂತ ಮುನಿಗೆ ಬಿಸಿಲು ಗೊತ್ತು. ನನಗೆ ಕುತ್ತಿಗೆ ಇದೆ ಎಂಬುದೇ ಗೊತ್ತಿರಲಿಲ್ಲ. ಹನ್ನೊಂದು ಗಂಟೆಗೆ ಕೂತವಳು ತಲೆ ಎತ್ತಿದಾಗ ನಾಲ್ಕೂವರೆ ಆಗಿರುತ್ತಿತ್ತು.

ಮುಂದಿನದು ಅಕಾಮನಿರ್ಜರೆ. ಬಯಸದೆ, ಬೇರೆ ದಾರಿ ಇಲ್ಲದೆ ಅನುಭವಿಸಿದ ಕಷ್ಟದಿಂದಲೂ ಸ್ವಲ್ಪ ಕರ್ಮ ಉದುರುತ್ತದೆ. ಸೆರೆಯಲ್ಲಿದ್ದವನ ಹಸಿವಿನ ಹಾಗೆ. ತತ್ತ್ವಾರ್ಥಸೂತ್ರ ಇದನ್ನು ದೇವಗತಿಗೆ ಕಾರಣವಾಗುವವುಗಳ ಸಾಲಿನಲ್ಲಿ ಎಣಿಸುತ್ತದೆ. ಸ್ವರ್ಗ ಸಿಗಬಹುದು, ಬಿಡುಗಡೆ ಸಿಗುವುದಿಲ್ಲ. ಲಿಪಿಕಾರನಿಗೆ ಇದು ಹೊಂದಬಹುದು. ನನಗೆ? ಮೇಜು ಎತ್ತರ ಮಾಡಿಕೊಳ್ಳದಂತೆ ನನ್ನನ್ನು ಯಾರೂ ಕಟ್ಟಿ ಹಾಕಿರಲಿಲ್ಲ.

ಉಳಿದದ್ದು ಪ್ರಮಾದ, ಎಂದರೆ ಎಚ್ಚರಗೇಡಿತನ. ಜೈನರಲ್ಲಿ ಹಿಂಸೆಯ ವ್ಯಾಖ್ಯಾನವೇ ಇದರ ಮೇಲೆ ನಿಂತಿದೆ. ಎಚ್ಚರವಿಲ್ಲದ ಮನಸ್ಸು, ಮಾತು, ಕಾಯದಿಂದ ಪ್ರಾಣಕ್ಕೆ ಆಗುವ ಘಾತವೇ ಹಿಂಸೆ. ಪ್ರಾಣ ಪರರದ್ದೇ ಆಗಬೇಕೆಂದಿಲ್ಲ. ಎಚ್ಚರ ತಪ್ಪಿದವನು ಮೊದಲು ಘಾತ ಮಾಡುವುದು ತನಗೇ ಎಂದು ಟೀಕಾಕಾರರು ಮತ್ತೆ ಮತ್ತೆ ಹೇಳುತ್ತಾರೆ. ಇರುವೆ ತುಳಿಯದ ಹಾಗೆ ನೆಲ ನೋಡಿ ನಡೆಯುವುದನ್ನು ಕಲಿಸಿದ ಮನೆಯಲ್ಲಿ ಬೆಳೆದವಳು ನಾನು. ನನ್ನದೇ ಏಳು ಮೂಳೆಗಳನ್ನು ಮೂವತ್ತು ವರ್ಷ ತುಳಿದಿದ್ದೇನೆ, ಹಾಗೆ ತುಳಿದದ್ದಕ್ಕೆ ತಪಸ್ಸು ಎಂದು ಹೆಸರಿಟ್ಟಿದ್ದೇನೆ. (ಆ ಏಳರಲ್ಲಿ ತಲೆಗೆ ತಾಗಿದ ಮೊದಲನೆಯದಕ್ಕೆ ವೈದ್ಯರು ಅಟ್ಲಾಸ್ ಎನ್ನುತ್ತಾರೆ, ಆಕಾಶ ಹೊರುವ ಶಿಕ್ಷೆ ಪಡೆದ ಗ್ರೀಕರವನ ಹೆಸರು. ನಮ್ಮವರು ಇಟ್ಟಿದ್ದರೆ ಆದಿಶೇಷ ಎನ್ನುತ್ತಿದ್ದರೇನೋ. ಅವನಿಗೆ ಒಂದು ನೊಂದರೆ ಬದಲಾಯಿಸಲು ಇನ್ನೂ 999 ತಲೆ.)

ಕಾರ್ಕಳದ ಗೊಮ್ಮಟ ನೆನಪಾಗುತ್ತಾನೆ. 1432ರಲ್ಲಿ ನಿಲ್ಲಿಸಿದ, ಸುಮಾರು 42 ಅಡಿಯ ಮೂರ್ತಿ. ಬೇಸಿಗೆ ರಜೆಯಲ್ಲಿ ನಾವು ಬಂಡೆ ಹತ್ತಿ ಹೋಗುತ್ತಿದ್ದೆವು. ಅವನು ನಿಂತಿರುವುದು ಕಾಯೋತ್ಸರ್ಗದಲ್ಲಿ, ಎಂದರೆ ದೇಹವನ್ನು ಬಿಟ್ಟುಬಿಟ್ಟ ನಿಲುವಿನಲ್ಲಿ. ದೇಹ ಬಿಟ್ಟವನ ಕತ್ತು ಎಷ್ಟು ನೇರ ನೋಡಿ! ಬುದ್ಧಿಜೀವಿಗಳು, ದೇಹ ನಮಗೆ ಮುಖ್ಯವಲ್ಲ ಎನ್ನುವ ನಾವು ಮಾತ್ರ ಪ್ರಶ್ನೆಚಿಹ್ನೆಯ ಹಾಗೆ ಬಾಗಿದ್ದೇವೆ. ಅವನ ಕಾಲಬುಡದಲ್ಲಿ ನಿಂತು ಮುಖ ನೋಡಬೇಕಾದರೆ ತಲೆ ಪೂರ್ತಿ ಹಿಂದಕ್ಕೆ ಹಾಕಬೇಕು, ಐದು ನಿಮಿಷಕ್ಕೆ ಕತ್ತು ಸೋಲುತ್ತದೆ. ಸುಶ್ರುತಸಂಹಿತೆ ಮನ್ಯಾಸ್ತಂಭಕ್ಕೆ, ಅಂದರೆ ಕತ್ತು ಸೆಟೆಯುವ ರೋಗಕ್ಕೆ, ಕೊಡುವ ಕಾರಣಗಳಲ್ಲಿ ಹಗಲು ನಿದ್ದೆಯ ಜೊತೆ ಮೇಲೆ ನೋಡುವುದೂ ಇದೆ. ಭಕ್ತರಿಗೆ ಬರುವ ರೋಗವನ್ನು ಬರೆದಿಟ್ಟಿದ್ದಾರೆ.

ಈ ಗೊಮ್ಮಟ, ಎಂದರೆ ಬಾಹುಬಲಿ, ಹಾಗೆ ಒಂದು ವರ್ಷ ನಿಂತನಂತೆ. ಹುತ್ತ ಬೆಳೆಯಿತು, ಬಳ್ಳಿ ಹಬ್ಬಿತು, ಕೇವಲಜ್ಞಾನ, ಎಂದರೆ ಪೂರ್ಣ ಅರಿವು, ಬರಲಿಲ್ಲ. ನಿಂತ ನೆಲ ಅಣ್ಣ ಭರತನದು ಎಂಬ ಮುಳ್ಳು ಮನಸ್ಸಿನಲ್ಲಿ ಉಳಿದಿತ್ತು ಎಂದು ನಮ್ಮ ಅಜ್ಜಿ ಕತೆ ಹೇಳುತ್ತಿದ್ದರು. ದೇಹಕ್ಕೆ ಆದದ್ದು ಯಾವುದೂ ಲೆಕ್ಕಕ್ಕೆ ಬರಲಿಲ್ಲ, ಮುಳ್ಳು ಹೋದ ಕ್ಷಣ ಎಲ್ಲ ಬಂತು. ಪಟ್ಟಿ ಕಟ್ಟಿಕೊಂಡು ನಗಿಸಿದ ಆ ದಿನದ ನನ್ನ ಹಿತವಾದ ನೋವನ್ನು ಈ ಕತೆಯ ಪಕ್ಕದಲ್ಲಿಟ್ಟು ನೋಡಿ ನಾಚಿಕೆಯಾಯಿತು.

ಇಲ್ಲಿಗೆ ಬಿಡಬಹುದಿತ್ತು. ಆದರೆ ಜೈನರ ಲೆಕ್ಕದಲ್ಲಿ ಇನ್ನೊಂದು ಕಲಮಿದೆ: ಕೃತ, ಕಾರಿತ, ಅನುಮೋದನ. ಸ್ವತಃ ಮಾಡಿದ್ದು, ಮಾಡಿಸಿದ್ದು, ಮಾಡುವಾಗ ಹೌದು ಎಂದದ್ದು. ಪುಣ್ಯವೂ ಪಾಪವೂ ಮೂರೂ ಬಾಗಿಲಿನಿಂದ ಬರುತ್ತವೆ.

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ದಾನಚಿಂತಾಮಣಿ ಎಂದು ಅವಳನ್ನು ಹೊಗಳಿದ್ದೇವೆ, ಸರಿಯೇ. ಶಾಸ್ತ್ರದಾನಕ್ಕೆ ಅದಕ್ಕಿಂತ ದೊಡ್ಡ ಉದಾಹರಣೆ ಕನ್ನಡದಲ್ಲಿ ಇಲ್ಲ. ತರಗತಿಯಲ್ಲಿ ಈ ಪಾಠ ಹೇಳುವಾಗ ಇಷ್ಟು ವರ್ಷ ನನಗೆ ಹೊಳೆಯದಿದ್ದ ಪ್ರಶ್ನೆ ಈಗ ಹೊಳೆಯುತ್ತದೆ: ಸಾವಿರ ಪ್ರತಿ ಬರೆದ ಕತ್ತುಗಳೆಷ್ಟು?

ಬರೆಯುವುದು ಹೇಗೆಂದು ಸ್ವಲ್ಪ ಕಣ್ಣಿಗೆ ತಂದುಕೊಳ್ಳಿ. ಎಡಗೈಯಲ್ಲಿ ಗರಿ, ಬಲಗೈಯಲ್ಲಿ ಕಂಟ, ಅಂದರೆ ಕಬ್ಬಿಣದ ಮೊನೆ. ಎಡ ಹೆಬ್ಬೆರಳಿನ ಆನಿಕೆಯ ಮೇಲೆ ಕಂಟವನ್ನು ಊರಿ, ಗರಿಯನ್ನು ಚೂರು ಚೂರೇ ಸರಿಸುತ್ತ ಅಕ್ಷರ ಕೊರೆಯಬೇಕು. ಕೊರೆದ ಅಕ್ಷರ ಕಾಣುವುದಿಲ್ಲ! ಅದು ಬಣ್ಣವಿಲ್ಲದ ಗೀರು ಮಾತ್ರ. ಮಸಿ ಸವರಿ ಒರೆಸಿದ ಮೇಲೆ ಗೀರಿನೊಳಗೆ ಕಪ್ಪು ಕೂತು ಓದಲು ಬರುತ್ತದೆ. ಅಲ್ಲಿಯವರೆಗೆ ತಾನು ಬರೆದದ್ದನ್ನು ನೋಡಬೇಕಾದರೆ ಗರಿಯನ್ನು ಬೆಳಕಿಗೆ ಓರೆ ಹಿಡಿದು ಮುಖವನ್ನು ಅದರ ಹತ್ತಿರಕ್ಕೆ ಒಯ್ಯಬೇಕು. ಪದಗಳ ನಡುವೆ ಜಾಗವಿಲ್ಲ, ಎ ಏ ಒಂದೇ, ಒ ಓ ಒಂದೇ. ಕಾಣದ ಅಕ್ಷರವನ್ನು ಕಾಣಲು ಬಗ್ಗಿದ ಆ ಕತ್ತಿಗೆ ಕೋನವೇ ಸಿಗಲಿಕ್ಕಿಲ್ಲ ಹನ್ಸರಾಜರ ಪಟ್ಟಿಯಲ್ಲಿ.

ಶಾಸ್ತ್ರವನ್ನು ಓಲೆಗೆ ಇಳಿಸಿದ ಕತೆಯೂ ಇದೆ. ಜೈನ ಗುರು ಧರಸೇನಾಚಾರ್ಯರ ಕಾಲಕ್ಕೆ ಶಾಸ್ತ್ರವೆಲ್ಲ ನೆನಪಿನಲ್ಲೇ ಇತ್ತು. ನೆನಪು ಸೋರುತ್ತಿದೆ ಎಂದು ಹೆದರಿ ಅವರು ಪುಷ್ಪದಂತ, ಭೂತಬಲಿಗಳಿಗೆ ಪಾಠ ಹೇಳಿದರು, ಇಬ್ಬರೂ ಅದನ್ನು ಷಟ್ಖಂಡಾಗಮ ಎಂಬ ಗ್ರಂಥವಾಗಿ ಬರಹಕ್ಕೆ ಇಳಿಸಿದರು. ಜ್ಯೇಷ್ಠ ಶುದ್ಧ ಪಂಚಮಿ ಶ್ರುತಪಂಚಮಿ, ಅದೇ ನೆನಪಿನ ಹಬ್ಬ. ತಲೆಯೊಳಗಿದ್ದಷ್ಟು ದಿನ ಶಾಸ್ತ್ರಕ್ಕೆ ಶ್ರುತ ಎಂದು ಹೆಸರು, ಕೇಳಿದ್ದು. ಕೇಳಲು ತಲೆ ಎತ್ತಿದರೆ ಸಾಕು. ಅದು ಓಲೆಗೆ ಇಳಿದ ದಿನ ತಲೆಯೂ ಅದರ ಬೆನ್ನಿಗೆ ಇಳಿಯಿತು. ಆ ಷಟ್ಖಂಡಾಗಮದ ಧವಳಾ ಟೀಕೆಯ ಓಲೆಗಳು ಹಳಗನ್ನಡ ಲಿಪಿಯಲ್ಲಿ ಉಳಿದದ್ದು ನಮ್ಮೂರಿಗೆ ಹತ್ತಿರದ ಮೂಡುಬಿದಿರೆಯಲ್ಲಿ. ಅಲ್ಲಿಂದ ಪ್ರತಿ ಮಾಡಲು ವರ್ಷಗಟ್ಟಲೆ ಹಿಡಿಯಿತು. ಹೀರಾಲಾಲ್ ಜೈನರು ಸಂಪಾದಿಸಿದ ಮೊದಲ ಸಂಪುಟ 1939ರಲ್ಲಿ ಹೊರಬಂತು. ಅದನ್ನು ನಾನು ಮೇಜಿನ ಮೇಲೆ ಹರಡಿಕೊಂಡು, ಅದರ ಮೇಲೆ ಬೋರಲಾಗಿ ಓದಿದೆ.

ಕೃತದ ಪುಣ್ಯ ಲಿಪಿಕಾರನಿಗೂ ಇದೆ, ಶಾಸ್ತ್ರ ಹಾಗೇ ಹೇಳುತ್ತದೆ. ನನ್ನ ನಿದ್ದೆ ಕೆಡಿಸಿದ್ದು ಕಾರಿತ. ನನ್ನ ಹತ್ತಿರ ಪಿಎಚ್‌ಡಿಗೆ ಇರುವ ಹುಡುಗಿಗೆ ಇಪ್ಪತ್ತೇಳು. ಹಾಸ್ಟೆಲ್ ಕೋಣೆಯಲ್ಲಿ ಮೇಜು ಒಂದೇ, ಅದು ಜೊತೆಯವಳ ಪಾಲು. ಇವಳು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಓಲೆಯ ಫೋಟೋಗಳನ್ನು ಹಿಗ್ಗಿಸಿ ಪಾಠ ಹೋಲಿಸುತ್ತಾಳೆ. ಹೋದ ವರ್ಷ ಒಂದು ದಿನ, "ಮೇಡಂ, ರಾತ್ರಿ ಕತ್ತು ತಿರುಗಿಸೋಕೆ ಆಗ್ತಿಲ್ಲ" ಎಂದಳು. ನಾನು ಏನೆಂದೆ? "ಸಂಶೋಧನೆ ಅಂದ್ರೆ ಹಾಗೇನೇ" ಎಂದೆ. ಹೇಳುವಾಗ ದನಿಯಲ್ಲಿ ಪ್ರೀತಿಯೂ ಇತ್ತು, ನಮ್ಮ ಕುಲಕ್ಕೆ ಸೇರಿದೆ ಬಾ ಎಂಬ ಹಾಗೆ. ಅಧ್ಯಾಯ ಈ ತಿಂಗಳೊಳಗೆ ಕೊಡು ಎಂದೂ ಹೇಳಿದೆ. ಮಾಡಿಸಿದ್ದು ನಾನು, ಮಾಡುವಾಗ ಗೋಣು ಹಾಕಿದ್ದೂ ನಾನು. ಯಾವ ತಪಸ್ಸಿನ ಹೆಸರೂ ಇದಕ್ಕೆ ಹೊಂದುವುದಿಲ್ಲ.

ನಮ್ಮ ಅಜ್ಜಿ ದಿನಾ ಸಂಜೆ ಸ್ವಾಧ್ಯಾಯಕ್ಕೆ ಕೂರುತ್ತಿದ್ದರು. ಹಲಸಿನ ಮರದ, ಕತ್ತರಿಯ ಹಾಗೆ ತೆರೆಯುವ ವ್ಯಾಸಪೀಠ. ಅದರ ಕೆಳಗೆ ಒಂದು ಮಣೆ, ಮಣೆಯ ಕೆಳಗೆ ಇನ್ನೊಂದು ಮಣೆ. ಶಾಸ್ತ್ರ ಹೊಕ್ಕುಳಿಗಿಂತ ಕೆಳಗೆ ಇರಬಾರದು ಎಂಬುದು ಅವರ ನಿಯಮ. ನಾನು ನೆಲದ ಮೇಲೆ ಪುಸ್ತಕ ಹರಡಿ ಅದರ ಮೇಲೆ ಕವುಚಿಕೊಂಡಿದ್ದರೆ ತುಳುವಿನಲ್ಲಿ ಬೈಯುತ್ತಿದ್ದರು: ಪುಸ್ತಕ ನಿನ್ನ ಬಳಿಗೆ ಬರಬೇಕು, ಕೋಳಿ ಕಾಳಿಗೆ ಬಗ್ಗಿದ ಹಾಗೆ ನೀನು ಅದರ ಮೇಲೆ ಬೀಳುವುದಲ್ಲ. ಅದು ಶಾಸ್ತ್ರಕ್ಕೆ ತೋರುವ ವಿನಯ ಎಂದುಕೊಂಡಿದ್ದೆ. ವಿನಯವೆಂದರೆ ತಲೆ ಬಗ್ಗಿಸುವುದು ಎಂದು ಶಾಲೆಯಲ್ಲಿ ಕಲಿತಿದ್ದರಿಂದ ಅವರ ಮಾತು ಗೊಂದಲವಾಗಿಯೂ ಕೇಳಿಸುತ್ತಿತ್ತು. ಎಂಬತ್ತಾರರವರೆಗೆ ಓದಿದರು. ಮಂಡಿ ಹೋಗಿತ್ತು, ಕಣ್ಣು ಮಂಜಾಗಿತ್ತು, ಕತ್ತಿನ ಬಗ್ಗೆ ದೂರು ಹೇಳಿದ್ದು ನೆನಪಿಲ್ಲ. ಅರ್ಧ ಗಂಟೆಗೊಮ್ಮೆ ಪುಸ್ತಕಕ್ಕೆ ಬಟ್ಟೆ ಮುಚ್ಚಿ, ಎದ್ದು ಹೋಗಿ ದೀಪದ ಬತ್ತಿ ಸರಿಮಾಡಿ ಬರುತ್ತಿದ್ದರು. ಬತ್ತಿಗೆ ಅಷ್ಟು ಸಲ ಸರಿಮಾಡಿಸಿಕೊಳ್ಳುವ ಅಗತ್ಯ ಇತ್ತೋ ಇಲ್ಲವೋ.

ಆ ವ್ಯಾಸಪೀಠ ತವರಿನ ಅಟ್ಟದಲ್ಲಿತ್ತು. ತರಿಸಿದೆ. ಲ್ಯಾಪ್‌ಟಾಪ್ ಇಟ್ಟು ನೋಡಿದೆ, ಕೂರಲಿಲ್ಲ. ಎರಡು ರೆಕ್ಕೆಯ ನಡುವೆ ಜಾರಿ ಕೀಲಿಮಣೆ ಎದೆಗೆ ಚುಚ್ಚಿತು. ಟ್ಯಾಬ್ ಮಾತ್ರ ಅದಕ್ಕೇ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಬೆಳಗಿದ ಪರದೆಯಲ್ಲಿ ಓಲೆಯ ಚಿತ್ರ, ಕಣ್ಣಿನ ಮಟ್ಟಕ್ಕೆ. ದೇವರ ಪೀಠದ ಮೇಲೆ ಟ್ಯಾಬ್ ಇಡುತ್ತಾರಾ ಎಂದು ಅತ್ತೆ ಮುಖ ಸಿಂಡರಿಸಿದರು. ಅದರಲ್ಲಿ ಶಾಸ್ತ್ರ ಇದೆ ಎಂದೆ. ಫೋನೂ ಬರುತ್ತಲ್ಲ ಅದರಲ್ಲಿ, ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಚಪ್ಪಲಿ ಬಿಟ್ಟು ಕೂತೆ, ಫೋನಿನ ಸದ್ದು ಆರಿಸಿದೆ.

ಹಳೆಯ ಗ್ರಂಥದ ಪರಿಷ್ಕೃತ ಮುದ್ರಣಕ್ಕೆ ಈಗ ಅದೇ ಓಲೆಕಟ್ಟನ್ನು ಮತ್ತೆ ಓದುತ್ತಿದ್ದೇನೆ, ಆ ಹುಡುಗಿ ಜೊತೆಗಿದ್ದಾಳೆ. ಇಪ್ಪತ್ತು ವರ್ಷದ ಹಿಂದೆ ಕಾಣದ ಒಂದು ಸಂಗತಿ ಈ ಸಲ ಕಂಡಿತು. 41ನೆಯ ಗರಿಯಲ್ಲಿ ಅಕ್ಷರಗಳು ಸಾಲಿನಿಂದ ಸಾಲಿಗೆ ದಪ್ಪವಾಗುತ್ತ, ಬಲಕ್ಕೆ ವಾಲುತ್ತ ಹೋಗುತ್ತವೆ. ನಾಲ್ಕನೆಯ ಸಾಲಿನ ನಡುವೆ, ಒಂದು ಪದದ ಅರ್ಧದಲ್ಲಿ, ಮತ್ತೆ ಸಣ್ಣಗೆ, ನೆಟ್ಟಗೆ, ಬೆಳಗಿನ ಅಕ್ಷರದ ಹಾಗೆ ಶುರುವಾಗುತ್ತವೆ. "ಇಲ್ಲಿ ಎದ್ದಿದ್ದಾನೆ ಮೇಡಂ" ಎಂದಳು ಹುಡುಗಿ. ಊಟಕ್ಕೋ, ಬಚ್ಚಲಿಗೋ, ಅಥವಾ ಸುಮ್ಮನೆ ಅಂಗಳದಲ್ಲಿ ನಿಂತು ಕತ್ತು ತಿರುಗಿಸಲಿಕ್ಕೋ. ನಾವೂ ಎದ್ದೆವು. ಕಾರಿಡಾರಿನ ಕೊನೆಯವರೆಗೆ ನಡೆದು ಬಂದೆವು.

ಕೊನೆಯ ಗರಿಗೆ ಬಂದಾಗ ಅವಳು ಆ ಶ್ಲೋಕವನ್ನು ಲಿಪ್ಯಂತರ ಮಾಡಿಟ್ಟುಕೊಂಡು ಕಾಯುತ್ತಿದ್ದಳು.

"ಇದನ್ನ ಈ ಸಲ ಸೇರಿಸೋಣ ಅಂದ್ರಲ್ಲ, ಎಲ್ಲಿ ಹಾಕ್ಲಿ? ಅಡಿಟಿಪ್ಪಣೀಲಾ?"

"ಬೇಡ" ಎಂದೆ. "ಅಡಿಟಿಪ್ಪಣಿ ಓದೋಕೆ ಮತ್ತೆ ಬಗ್ಗಬೇಕು. ಮೇಲೆ ಹಾಕು."